ಲ್ಯಾಕ್ಟಿಕ್ ಆಸಿಡ್ ಆದ ಹುಳಿ ಮಜ್ಜಿಗೆ

ನನ್ನ ದಡ್ಡತನವನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಗೆಳೆಯರು ಬಣ್ಣ ಹಚ್ಚಿ ಹೇಳುತ್ತಾರೆ. 1962ರಲ್ಲಿ ನಾನು ಮುಂಬಯಿಯ ಮುಲಾಮು ಕಂಪನಿಯೊಂದರಲ್ಲಿ ರಿಸರ್ಚ್ ಕೆಮಿಸ್ಟ್. ಹೆಸರು ಮಾಡಿದ್ದು ಸಂಶೋಧನೆಯಿಂದಲ್ಲ, ಊಟದ ಬಿಡುವಿನ ಅಣಕದಿಂದ. ಒಂದು ದಿನ ಸಿದ್ದಾಪುರ ಸೀಮೆಯ ತ್ಯಾಗಲಿಯಲ್ಲಿರುವ ನನ್ನ ಸೋದರತ್ತೆ ಭಾಗೀರಥಿಯನ್ನು ಅಣಕಿಸಿದೆ. ಮುರುಗಲು ಅಂದರೆ ಕೋಕಂ ಹಣ್ಣಿನ ಬೀಜ ಕುದಿಸಿ ತೆಗೆದ ತುಪ್ಪವನ್ನು ಅವಳು ಹುಳಿ ಮಜ್ಜಿಗೆಯಲ್ಲಿ ಕಾಯಿಸಿ, ತಣಿಸಿ, ವಾಸನೆ ಕಳೆಯುವ ಪರಿ, ಅವಳದೇ ದನಿಯಲ್ಲಿ. "ಮೂರು ಸಲ ತೊಳಿ ತಮಾ, ಆಮೇಲೆ ಮೂಸು." ಎಲ್ಲರೂ ನಕ್ಕರು. ಚೀಫ್ ಕೆಮಿಸ್ಟ್ ಸಾಹೇಬರು ನಗುತ್ತಲೇ ಬರೆದುಕೊಂಡರು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಮರುವರ್ಷ ಶಿರಸಿಯ ಔಷಧಿ ಅಂಗಡಿಗೆ ಕಂಪನಿಯ ನೋಟೀಸು ಬಂತು: ಈ ವಿಧಾನಕ್ಕೆ ಪೇಟೆಂಟ್ ಹಾಕಿದ್ದೇವೆ, ಒಡೆದ ಹಿಮ್ಮಡಿಗೆ ಹಚ್ಚುವ ಆ ತುಪ್ಪವನ್ನು ಇನ್ನು ಮಾರಕೂಡದು. ಗಂಡ ತೀರಿದ ಮೇಲೆ ಅತ್ತೆಯ ಜೀವನ ನಡೆಯುತ್ತಿದ್ದದ್ದೇ ಆ ಅಂಗಡಿಗೆ ಕೊಡುವ ತುಪ್ಪದಿಂದ. ಸಾಹೇಬರ ಪೇಟೆಂಟ್ ಅರ್ಜಿ ಓದಿದೆ. ಹುಳಿ ಮಜ್ಜಿಗೆ ಅಲ್ಲಿ "ದುರ್ಬಲ ಲ್ಯಾಕ್ಟಿಕ್ ಆಸಿಡ್ ದ್ರಾವಣ" ಆಗಿತ್ತು. ಮೂರು ಸಲದ ತೊಳೆತ "ತ್ರಿಹಂತ ಶುದ್ಧೀಕರಣ". ಸಂಶೋಧಕರ ಹೆಸರು ಸಾಹೇಬರದು. ಮೈಯೆಲ್ಲ ಉರಿದುಹೋಯಿತು. ಅಂದೇ ರಾಜೀನಾಮೆ ಬಿಸಾಡಿ, ಒಬ್ಬ ಪೇಟೆಂಟ್ ವಕೀಲರ ಬಳಿ ಸಹಾಯಕನಾದೆ, ಸಂಜೆಯ ಲಾ ಕಾಲೇಜಿಗೆ ಸೇರಿದೆ. ನಾನು ವೃತ್ತಿ ಬದಲಿಸಿದ್ದು ಹೀಗೆ, ಹಲ್ಲು ಕಡಿಯುತ್ತ.

ಪೇಟೆಂಟ್ ಎಂದರೆ ಹೊಸ ಶೋಧಕ್ಕೆ ಸರಕಾರ ಕೊಡುವ ಏಕಸ್ವಾಮ್ಯ. ಅರ್ಜಿ ಒಪ್ಪಿತವಾಗಿದೆಯೆಂದು ಪ್ರಕಟವಾದ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಹಾಕಬಹುದು. ವಿಧಾನ ಮೊದಲೇ ಜನಬಳಕೆಯಲ್ಲಿತ್ತೆಂದು ತೋರಿಸಿದರೆ ಅದು ಹೊಸದಲ್ಲ. ಆಕ್ಷೇಪಣೆ ಹಾಕಿದೆವು. ನಮ್ಮ ಮುಖ್ಯ ಸಾಕ್ಷಿ ಅತ್ತೆ.

ಹೇಳಿಕೆ ಬರೆಸಲು ಅವಳನ್ನು ಶಿರಸಿಯ ನಮ್ಮ ವಕೀಲರ ಕಚೇರಿಗೆ ಕರೆತಂದರೆ, ಅಲ್ಲಿ ಸಾಹೇಬರೇ ಕುಳಿತಿದ್ದರು, ಧಾರವಾಡದ ಮಾತು, ಮುಂಬಯಿಯ ಸೂಟು. "ಬರ್ರಿ, ಬರ್ರಿ. ಕೇಸು ವಾಪಸ್ ತಗೋರಿ. ನಿಮ್ಮ ಅತ್ತಿಯವರು ಹೋದ ವಾರನ ಬರದು ಕೊಟ್ಟಾರ." ಕಾಗದದಲ್ಲಿ ಒಂದೇ ಸಾಲು: "ಈ ವಿಧಾನ ನನ್ನದಲ್ಲ." ಕೆಳಗೆ ಅತ್ತೆಯ ಸಹಿ.

"ಎಂತಕ್ಕೆ ಸಹಿ ಹಾಕಿದೆ ಅತ್ತೆ?" ಎಂದು ಎಲ್ಲರ ಮುಂದೆ ಗದರಿದೆ.

"ಅವ್ರು ಕೇಳಿದ್ರು, ನಾ ಹಾಕಿದಿ. 'ನಂದು' ಹೇಳಲೆ ನಾಚ್ಕೆ ಆಗ್ತಿಲ್ಯ? ನಮ್ಮ ಅಬ್ಬೆ ಮಾಡ್ತಿತ್ತು. ಆಚೆಮನೆ ಗಂಗೆ ಮಾಡ್ತು. ಮಂಚಿಕೇರಿಲಿ ನಮ್ಮ ತಂಗಿ ಮನೆ ಕೇರಿಲೂ ಮಾಡ್ತ."

ಯಾರಾದರೂ ಹೊಗಳಿದರೆ "ನಂದೆಂತದೂ ಇಲ್ಲೆ" ಎನ್ನುವುದು ನಮ್ಮ ಹೆಂಗಸರ ರೂಢಿ. ಸಾಹೇಬರು ಅದನ್ನು ಹಕ್ಕು ಬಿಟ್ಟುಕೊಟ್ಟಂತೆ ಎಣಿಸಿದ್ದರು. ನಿಜ ಹೇಳಬೇಕೆಂದರೆ ನಾನೂ. ವಕೀಲರು ಮಾತ್ರ ತಲೆ ಎತ್ತದೆ ಅವಳು ಹೇಳಿದ ಮನೆಗಳನ್ನೆಲ್ಲ ಬರೆದುಕೊಳ್ಳುತ್ತಿದ್ದರು. ನಮಗೆ ಬೇಕಿದ್ದ ಜನಬಳಕೆ ಅದೇ. ಬುದ್ಧಿವಂತನಾದ ನಾನು ಅತ್ತೆಯ ದನಿಯನ್ನು ಕದ್ದಿದ್ದೆ, ಅವಳ ಮಾತನ್ನು ಕೇಳಿರಲಿಲ್ಲ. ಸಾಕ್ಷಿಯನ್ನು ಗದರಬಾರದು, ಪೂರ್ತಿ ಮಾತಾಡಲು ಬಿಡಬೇಕು ಎಂಬುದು ಈ ಕಸುಬು ನನಗೆ ಕಲಿಸಿದ ಮೊದಲ ಪಾಠ.

ಸಾಹೇಬರು ಕಾಗದವನ್ನು ಅವಳ ಮುಖಕ್ಕೇ ಹಿಡಿದರು. "ನಿಮ್ಮದಲ್ಲ ಅಂತ ನೀವ ಬರದೀರಿಲ್ಲೋ ಅಮ್ಮಾ?" ಅದಕ್ಕೆ ಬಂದ ಉತ್ತರ ಕೇಳಿ ಅವರು ಕಾಗದ ಮಡಿಚಿ ಎದ್ದರು, ತಿಂಗಳೊಳಗೆ ಕಂಪನಿ ಅರ್ಜಿಯನ್ನೂ ನೋಟೀಸನ್ನೂ ಹಿಂತೆಗೆದುಕೊಂಡಿತು. ಅತ್ತೆ ಹೇಳಿದ್ದು ಇಷ್ಟೇ:

"'ನಂದಲ್ಲ' ಹೇಳಿ ನಾ ಬರಕೊಟ್ಟಿದ್ದಿ. 'ನಿಮ್ದು' ಹೇಳಿ ಎಲ್ಲಿ ಬರದ್ದಿ?"