ಮಸ್ಕತ್ತಿಗೆ ಹೊರಟ ಹಳೆಯ ಪಂಚೆ

ಭದ್ರಮ್ಮ ತಾವು ಉಟ್ಟ ಸೀರೆಯನ್ನು ಇನ್ನೊಬ್ಬರ ಕೈಗೆ ಒಗೆಯಲು ಕೊಟ್ಟವರಲ್ಲ. ದಿನಾ ಬೆಳಿಗ್ಗೆ ಸ್ನಾನವಾದ ಕೂಡಲೇ ಒಗೆಯುವ ಕಲ್ಲಿನ ಮೇಲೆ ತಾವೇ ಕುಕ್ಕಿ, ಹಿಂಡಿ, ಬೇಲಿಗೆ ಹರವಿ, ಆಮೇಲೆ ಬೇಗೂರಿನ ದೇವಸ್ಥಾನದ ಕಡೆ ತಿರುಗಿ ಕೈಮುಗಿಯುವರು. ಜ್ವರ ಬಂದ ದಿನವೂ ಅಷ್ಟೇ. ಪಕ್ಕದ ಮನೆಯವಳಾದ ನಾನು ಅದು ತಪ್ಪಿದ್ದನ್ನು ಕಂಡಿಲ್ಲ.

ಅವರ ಯಜಮಾನರು ನರಸಪ್ಪನವರು ತೋಟದ ಬಾವಿಯ ಮೋಟಾರು ಸರಿಮಾಡಲು ಹೋಗಿ, ಕರೆಂಟು ಹೊಡೆದು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಭದ್ರಮ್ಮ ಹೂವು, ಸೊಪ್ಪು ಬೆಳೆದು ಒಬ್ಬಳೇ ಮಗಳು ಭಾಗ್ಯಳನ್ನು ಸಾಕಿದರು. ಅವಳು ಮದುವೆಯಾಗಿ ಗಂಡನ ಜೊತೆ ಮಸ್ಕತ್ತಿಗೆ ಹೋದಳು. ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿಯಲ್ಲಿ ಚೊಚ್ಚಲ ಬಸುರಿ. ಅಲ್ಲಿನ ಡಾಕ್ಟರು ವಿಮಾನ ಹತ್ತಕೂಡದು ಎಂದಿದ್ದರಿಂದ, ಬಾಣಂತನಕ್ಕೆ ತಾಯಿಯೇ ಹೊರಡುವುದೆಂದಾಯಿತು.

ಪಾಸ್‌ಪೋರ್ಟಿಗೆ, ಟಿಕೆಟ್ಟಿಗೆ ಓಡಾಡಿದವರು ಭದ್ರಮ್ಮನ ತಮ್ಮ ಗೋಪಾಲಪ್ಪ. ಅವರಿಗೆ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ. ಇಪ್ಪತ್ತು ಕಿಲೋಗಿಂತ ಹೆಚ್ಚು ಒಯ್ಯುವಂತಿಲ್ಲ ಎಂದು ಅವರು ಹೇಳಿ ಹೇಳಿ ಬೀದಿಗೆಲ್ಲ ಬಾಯಿಪಾಠವಾಗಿತ್ತು. ಹೊರಡುವ ಹಿಂದಿನ ದಿನ ಸೂಟ್‌ಕೇಸನ್ನು ರೇಷನ್ ಅಂಗಡಿಯಲ್ಲಿ ತೂಗಿಸಿದರೆ ತೂಕ ಮೀರಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹೊರಗೆ ತೆಗೆದರು.

ಭದ್ರಮ್ಮ ಜೋಪಾನವಾಗಿಯೇ ತುಂಬಿದ್ದರು. ಹರಳೆಣ್ಣೆ ಸೀಸೆಯ ಬಿರಡೆಗೆ ಮೇಣ ಸುರಿದು, ಒಡೆಯದಂತೆ ಹಳೇ ಬಟ್ಟೆಯಲ್ಲಿ ಸುತ್ತಿ ನಡುವೆ ಇಟ್ಟಿದ್ದರು. ಬಜೆ, ಸಾಂಬ್ರಾಣಿ, ಒಣಶುಂಠಿಗಳೂ ಬಟ್ಟೆಯ ಮಡಿಕೆಗಳಲ್ಲೇ. ಆ ಬಟ್ಟೆಗಳು ನರಸಪ್ಪನವರ ಪಂಚೆಗಳು. ಉಟ್ಟು ಉಟ್ಟು ಮೆತ್ತಗಾದವನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ತುಂಡು ಮಾಡಿದ್ದರು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮೊದಲು ಹಿರಿಯರ ಹಳೇ ಬಟ್ಟೆಯಲ್ಲಿ ಸುತ್ತುತ್ತಾರೆ, ಅವರ ಆಯಸ್ಸು ಮಗುವಿಗೂ ಬರಲಿ ಎಂದು.

ಗೋಪಾಲಪ್ಪ ಮೊದಲು ಎತ್ತಿ ಪಕ್ಕಕ್ಕಿಟ್ಟಿದ್ದೇ ಆ ಪಂಚೆಗಳನ್ನು.

"ಅಕ್ಕಯ್ಯ, ಇದೊಂದು ತೆಗೆದ್ರೆ ತೂಕ ಸರಿಯಾಯ್ತದೆ."

"ಅದೊಂದು ಬಿಟ್ಟು ಬೇರೆ ಏನಾದ್ರೂ ತೆಗಿ."

"ಕಸ್ಟಮ್ಸಿನೋರು ಬಿಚ್ಚಿ ನೋಡಿದ್ರೆ ಏನಂತಾರೆ? ಬೇಗೂರೋರು ಒಲೆ ಒರೆಸೋ ಬಟ್ಟೆ ತುಂಬ್ಕೊಂಡು ಬಂದವ್ರೆ ಅಂತಾರೆ!"

"ಅನ್ಲಿ ಬಿಡೋ. ಅವರೇನು ಬಾಣಂತನ ಮಾಡಾಕ್ ಬತ್ತಾರಾ?"

ಆಗ ಗೋಪಾಲಪ್ಪನ ಹೆಂಡತಿ ಅನುಸೂಯಮ್ಮ ದನಿ ತಗ್ಗಿಸಿ ಹೇಳಿದರು. "ಹರಕು ಅಂತಲ್ಲ ಅಕ್ಕ ನಾನೇಳೋದು. ನರಸಪ್ಪಣ್ಣ ಅರ್ಧ ಆಯಸ್ಸಿಗೇ ಹೋದೋರು. ಹುಟ್ಟೋ ಕೂಸಿಗೆ ಅವರ ಬಟ್ಟೆ ಬ್ಯಾಡ. ಅಪಶಕುನ."

ಆಯಸ್ಸು ಕೊಡುವವನು ದೇವರು, ಬಟ್ಟೆಯಲ್ಲ ಎಂದು ನನ್ನ ನಂಬಿಕೆ. ಆದರೂ ಅನುಸೂಯಮ್ಮನ ಅಂಜಿಕೆ ನನಗೆ ಅರ್ಥವಾಗದ್ದೇನಲ್ಲ.

"ಭಾಗ್ಯ ಹುಟ್ಟಿದಾಗ ಸುತ್ತಿದ್ದು ಇವರ ಪಂಚೇಲೇ," ಎಂದರು ಭದ್ರಮ್ಮ.

"ಆಗ ಅವರು ಬದುಕಿದ್ರಲ್ಲ ಅಕ್ಕ."

"ಅವರು ನೆಟ್ಟ ಗಿಡದ ಹೂವು ಈಗ್ಲೂ ದೇವರ ತಲೆ ಮೇಲೆ ಏರ್ತೈತೆ. ಅವರು ಕಟ್ಟಿದ ಮನೇಲಿ ಕೂತು ಈಗ ತಾನೇ ನೀನು ಕಾಪಿ ಕುಡಿದೆ. ಪಂಚೆಗೆ ಮಾತ್ರ ಯಾಕಮ್ಮ ಅಪಶಕುನ?" ಅವರ ದನಿ ಏರಲಿಲ್ಲ. ತಮ್ಮನ ಕಡೆ ತಿರುಗಿದರು. "ಮಗಳ ಧಾರೆ ಎರೆಯಾಕೆ ಅವರಿರಲಿಲ್ಲ. ನೀನೆರೆದೆ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಮೊಮ್ಮಗು ಮೈನಾದ್ರೂ ಅವರು ಮುಟ್ಲಿ."

ಗೋಪಾಲಪ್ಪನಿಗೆ ಸಿಟ್ಟು ಬಂತು. "ಅಂಗಾದ್ರೆ ನಾನು ನಾಳೆ ಏರೋಪ್ಲೇನ್ ಹತ್ಸಾಕೆ ಬರಾಕಿಲ್ಲ. ಒಬ್ಳೇ ಓಗು!"

"ಬರಬ್ಯಾಡ. ಬೊಂಬಾಯಲ್ಲಿ ಇನ್ನೊಂದು ಏರೋಪ್ಲೇನ್ ಹತ್ಬೇಕಂತಲ್ಲ, ಅಲ್ಲೇನು ನೀನಿರ್ತೀಯಾ? ಇಲ್ಲಿಂದ್ಲೇ ಅಭ್ಯಾಸ ಆಗ್ಲಿ."

ನಾನು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಭದ್ರಮ್ಮ, ಗೋಪಾಲಪ್ಪ ತಂದಿದ್ದ ಸ್ಟೀಲ್ ಪಾತ್ರೆಗಳನ್ನೂ ತಮ್ಮದೇ ರೇಷ್ಮೆ ಸೀರೆಯನ್ನೂ ಹೊರಗಿಟ್ಟರು. ಪಂಚೆಗಳನ್ನು ಹಾಸಿ, ಸೀಸೆಗೆ ಮತ್ತೆ ಸುತ್ತಿ, ಮುಚ್ಚಳ ಒತ್ತಿ ಬೀಗ ಹಾಕಿದರು. ಬೀಗದ ಕೈಯನ್ನು ತಾಳಿಯಿಲ್ಲದ ಕೊರಳಿನ ಕರಿದಾರಕ್ಕೆ ಪೋಣಿಸಿಕೊಂಡರು.

ಗೋಪಾಲಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು.

ದೀಪ ಹಚ್ಚುವ ಹೊತ್ತಿಗೆ ಅನುಸೂಯಮ್ಮ ಒಬ್ಬರೇ ಮತ್ತೆ ಬಂದರು. ಕೈಯಲ್ಲಿ ಒಗೆದು ಮಡಿಸಿದ ಒಂದು ಪಂಚೆ. ಊರಿಗೇ ಹಿರಿಯರಾದ ಆವಲಪ್ಪನವರದ್ದು.

"ತಾತನ್ನ ಕೇಳಿ ಇಸ್ಕೊಂಡು ಬಂದೆ ಅಕ್ಕ. ತೊಂಬತ್ತು ದಾಟವ್ರೆ, ಇನ್ನೂ ಎರಡು ಮುದ್ದೆ ಉಣ್ತಾರೆ. ಮೊದಲು ಇದ್ರಲ್ಲಿ ಸುತ್ತು, ಆಮ್ಯಾಕೆ ನಿನ್ನಿಷ್ಟ. ನಮ್ಮ ಯಜಮಾನ್ರನ್ನೂ ನಾನು ಒಪ್ಪಿಸ್ತೀನಿ, ಏರೋಪ್ಲೇನ್ ತಾವ ಬತ್ತಾರೆ." ಅವರ ಕಣ್ಣು ತುಂಬಿತ್ತು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಭದ್ರಮ್ಮ ಆ ಪಂಚೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮಡಿಕೆ ಕೆಡದಂತೆ ಹಾಗೇ ಅನುಸೂಯಮ್ಮನ ಕೈಗೆ ವಾಪಸು ಇಟ್ಟರು.

"ತಾತಂಗೆ ನನ್ನ ನಮಸ್ಕಾರ ಹೇಳಮ್ಮ. ನಮ್ಮನೇದು ನಮಗೈತೆ."