ಹಸೆಮಣೆಗೆ ಹಚ್ಚಿದ ಕೆಂಪು

ಓದಲು ಕುಳಿತಿರುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ರಾತ್ರಿ ಶಾಲೆಯಲ್ಲಿ. ಈಗಲೂ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ, ಮಾತು ಹಿಂದುಮುಂದಾಗಿದ್ದರೆ, ದಯವಿಟ್ಟು ಮನ್ನಿಸಿ ಮುಂದಕ್ಕೆ ಓದಿ.

ಮನೆಯ ಕುರ್ಚಿ, ಮಂಚ, ಮೇಜಿಗೆ ತಾವೇ ಬಣ್ಣ ಹಚ್ಚಿಕೊಳ್ಳುವವರಿಗೆ ಬೇಕಾಗುವ ಸಾಮಾನುಗಳ ಬಗ್ಗೆ ಬರೆಯೋಣ ಅಂತ ಶುರು ಮಾಡಿದೆ. ನನಗೆ ಪ್ರೀತಿಯವು ನಾಲ್ಕಾರು ಇವೆ. ಆದರೆ ಯಾವುದನ್ನು ನೆನೆದರೂ ಒಂದು ಕೆಂಪು ಮಣೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಈ ವಯಸ್ಸಿನಲ್ಲೂ ಮುಖ ಬಿಸಿಯಾಗುತ್ತದೆ. ಅದನ್ನೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಗದಗದ ಕಡೆಯ ಒಂದು ಸಣ್ಣ ಊರಿನಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಹೆಲ್ಪರ್ ಆಗಿ ಸೇರಿದೆ. ನಾನೂ ಹೆಂಡತಿಯೂ ಇದ್ದದ್ದು ಕೊಡಿಗೇಹಳ್ಳಿಯಲ್ಲಿ. ಮನೆ ಯಜಮಾನರ ದೊಡ್ಡ ಹೆಂಚಿನ ಮನೆಗೆ ಅಂಟಿಕೊಂಡ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕಿದ್ದವು. ಅವರು ಅಲ್ಲಿನ ಹಳೇ ಒಕ್ಕಲು. ರಾಗಿ ಹೊಲ, ದ್ರಾಕ್ಷಿ ತೋಟ, ಹಟ್ಟಿ ತುಂಬ ದನ. ನಮಗೆ ಆ ಊರಲ್ಲಿ ಬಂಧು ಬಳಗ ಯಾರೂ ಇರಲಿಲ್ಲ. ನಮ್ಮ ಮಾತು ಕೇಳಿದರೇ ಹುಡುಗರು ನಗುತ್ತಿದ್ದರು. ಯಜಮಾನರ ಮನೆಯವರು ಮಾತ್ರ ಹಬ್ಬದ ದಿನ ಎಲೆ ಹಾಕಿ ಕರೆಯುತ್ತಿದ್ದರು. ನಾನು ಹೋಗಿ ಉಣ್ಣುತ್ತಿದ್ದೆ. ಆದರೂ ಮನಸ್ಸಿನಲ್ಲಿ ಒಂದು ಆಸೆ ಇತ್ತು: ಎಲೆ ಮುಂದೆ ಕೂರುವವನಾಗಿ ಅಲ್ಲ, ಬಡಿಸುವವನಾಗಿ ಆ ಮನೆಯಲ್ಲಿ ಓಡಾಡಬೇಕು.

ಭಾನುವಾರ ಹಳೇ ಕುರ್ಚಿ ಮೇಜು ಉಜ್ಜಿ ಬಣ್ಣ ಹಚ್ಚುವುದು ನನ್ನ ಕೆಲಸ, ಹಿತ್ತಲ ಬಾವಿಕಟ್ಟೆಯ ಪಕ್ಕ. ಗುಜರಿಯಲ್ಲಿ ಸಿಕ್ಕ, ಮರ ಹೆರೆಯುವ ಒಂದು ಉಜ್ಜುಗೊರಡು, ಹಿಡಿ ಸವೆದ ಎರಡು ಉಳಿ, ಹಂದಿಕೂದಲಿನ ಎರಡಿಂಚಿನ ಬ್ರಷ್ಷು. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಬಟ್ಟೆ ಸೋಪು ಹಾಕಿ ಅಂಗೈಯಲ್ಲಿ ಉಜ್ಜಿ, ಕೂದಲಿಗೆ ದಾರ ಸುತ್ತಿ ನೇತು ಹಾಕುತ್ತಿದ್ದೆ. ಹಾಗೆ ಮಾಡಿದರೆ ವರ್ಷಗಟ್ಟಲೆ ಬಾಳಿಕೆ ಬರುತ್ತದೆ, ಬೇಕಾದರೆ ನೋಡಿ. ಮರಳು ಕಾಗದವನ್ನು ಬೆರಳಿನಲ್ಲಿ ಹಿಡಿಯದೆ ಸಣ್ಣ ಮರದ ತುಂಡಿಗೆ ಸುತ್ತಿ ಉಜ್ಜಬೇಕು. ಒರೆಸಲು ಹಳೇ ಬನಿಯನ್ನಿಗಿಂತ ಒಳ್ಳೆಯ ಬಟ್ಟೆ ಇಲ್ಲ. ಅರ್ಧ ಉಳಿದ ಬಣ್ಣದ ಡಬ್ಬಿಯನ್ನು ಮುಚ್ಚಳ ಬಡಿದು ತಲೆಕೆಳಗಾಗಿ ಇಟ್ಟರೆ ಮೇಲೆ ಕೆನೆ ಕಟ್ಟುವುದಿಲ್ಲ. ಇಷ್ಟು ಗೊತ್ತಿತ್ತು. ಇಷ್ಟು ಗೊತ್ತಿದ್ದವನಿಗೆ ಎಲ್ಲ ಗೊತ್ತಿದೆ ಅಂತ ಅನ್ನಿಸಿತ್ತು.

ಯಜಮಾನರ ದೊಡ್ಡ ಮಗಳಿಗೆ ಆರ್.ಟಿ. ನಗರದ ಕಡೆಯ ಸಂಬಂಧ ಕೂಡಿತು. ಹುಡುಗ ಬ್ಯಾಂಕಿನಲ್ಲಿದ್ದ. ಮದುವೆ ಮನೆ ಮುಂದಿನ ಚಪ್ಪರದಲ್ಲೇ. ಒಂದು ವಾರ ಇರುವಾಗ ಅಟ್ಟದ ಮೇಲಿಂದ ಹಸೆಮಣೆ ಇಳಿಸಿದರು. ಒಂದೂ ಮೊಳೆ ಇಲ್ಲದ, ಇಬ್ಬರು ಕೂರುವಷ್ಟು ಉದ್ದದ ಹಲಸಿನ ಹಲಗೆ. ಆ ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಅದೇ ಮಣೆ ಹೋಗುತ್ತಿತ್ತು. ಪ್ರತಿ ಮದುವೆಗೂ ಅದಕ್ಕೆ ಹರಳೆಣ್ಣೆ ಸವರುವುದು ರೂಢಿ. ಎಷ್ಟು ತಲೆಮಾರಿನ ಎಣ್ಣೆ ಕುಡಿದಿತ್ತೋ, ಕಾವಲಿಯಷ್ಟು ಕಪ್ಪಾಗಿತ್ತು.

ಯಜಮಾನರ ಹೆಂಡತಿ ಅದನ್ನು ನೋಡಿ ಮುಖ ಸಣ್ಣ ಮಾಡಿದರು. "ಸಿಟಿಯೋರು ಬತ್ತಾವ್ರೆ. ಈ ಕರೇ ಮಣೆ ಮ್ಯಾಗೆ ಎಂಗ್ ಕೂರ್ಸೋದು?"

ನಾನು ಅಲ್ಲೇ ಚಪ್ಪರಕ್ಕೆ ಗಳ ಹಿಡಿದುಕೊಂಡು ನಿಂತಿದ್ದೆ. "ಅಕ್ಕಾರ, ನನಗ ಕೊಡ್ರಿ. ಕುಂಕುಮದಂಥ ಕೆಂಪು ಬಣ್ಣ ಹಚ್ಚಿಕೊಡ್ತೀನ್ರಿ. ಕನ್ನಡಿ ಹಂಗ ಹೊಳೀಬೇಕು, ನೋಡ್ರಿ."

ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ ಅಜ್ಜಿ, ಯಜಮಾನರ ತಾಯಿ, ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಬಣ್ಣ ಬಳಿಯಪ್ಪ, ಯಾರ್ ಬ್ಯಾಡ ಅಂದ್ರು? ಆದ್ರೆ ಅಸೆಮಣೇಗೆ ಕಬ್ಣ ತಾಗಿಸ್ಬ್ಯಾಡ. ಕಬ್ಣ ತಾಗಿದ್ ಮಣೆ ಮ್ಯಾಗೆ ಎಣ್ಣು ಗಂಡು ಕೂರಬಾರ್ದು."

ಅಂದರೆ ಉಜ್ಜುಗೊರಡು ಇಲ್ಲ, ಉಳಿ ಇಲ್ಲ. ಸರಿ ಅಂದೆ. ದೊಡ್ಡವರ ಮಾತು ಮೀರಬಾರದು. ಮರಳು ಕಾಗದ ಕಬ್ಬಿಣವಲ್ಲವಲ್ಲ, ಅದರಿಂದಲೇ ಉಜ್ಜಲು ಕುಳಿತೆ. ಸ್ವಲ್ಪ ಹೊತ್ತಿಗೆಲ್ಲ ಕಾಗದಕ್ಕೆ ಎಣ್ಣೆಮಣ್ಣು ತುಂಬಿಕೊಂಡು ಜಾರತೊಡಗಿತು. ಹೊಸ ಕಾಗದ ತೆಗೆದೆ, ಅದೂ ಜಾರಿತು. ಮರ ಅಲ್ಲೇ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಬನಿಯನ್ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆಯೇ ಎನಾಮಲ್ ಹಚ್ಚಿದೆ. ಮರುದಿನ ಇನ್ನೊಂದು ಕೈ. ನನ್ನ ಹೆಂಡತಿ ಒಲೆ ಮುಂದಿನಿಂದಲೇ ಅಂದಳು, "ಒಬ್ಬರ ಮನಿ ಶುಭಕಾರ್ಯದಾಗ ನಿಮ್ಮ ಕೈ ಯಾಕ್ರೀ? ಸುಮ್ನ ಇರೂದಿಲ್ಲ ನೋಡ್ರಿ ಅದು."

ಒಣಗಿದ ಮೇಲೆ ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿದೆ. ಅಂಟಲಿಲ್ಲ. ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಯಜಮಾನರು ಬಂದು ನೋಡಿ, "ಅಬ್ಬಾ, ಒಳ್ಳೆ ರಥದಂಗೈತೆ ಕಣ್ರೀ" ಅಂದರು. ಮದುವೆಯ ದಿನ ಪಾನಕ ಕೊಡುವ ಕೆಲಸ ನನಗೇ ವಹಿಸಿದರು. ನಾನು ಬಕೆಟ್ಟು ಹಿಡಿದು ಚಪ್ಪರದ ತುಂಬ ಓಡಾಡಿದೆ. ಯಾರಾದರೂ ಮಣೆಯ ಬಣ್ಣ ಹೊಗಳಿದರೆ ಕೇಳಿಸಲಿ ಅಂತ ಮಂಟಪದ ಹತ್ತಿರವೇ ಹೆಚ್ಚು ಸುತ್ತುತ್ತಿದ್ದೆ.

ಹೆಣ್ಣು ಗಂಡು ಮಣೆಯ ಮೇಲೆ ಬಹಳ ಹೊತ್ತು ಕುಳಿತಿದ್ದರು. ಬಿಸಿಲು ಕಾಲ. ಮುಂದೆ ಹೋಮದ ಕಾವು ಬೇರೆ. ಇನ್ನೇನು ತಾಳಿಯ ಹೊತ್ತು, ಪುರೋಹಿತರು, "ಹುಡುಗಿ ಎದ್ದು ನಿಂತ್ಕೊಳಮ್ಮ" ಅಂದರು.

ಅವಳು ಎದ್ದು ಆಚೆ ತಿರುಗಿದಳು. ತಿಳಿ ಹಳದಿ ರೇಷ್ಮೆ ಸೀರೆ. ಹಿಂದುಗಡೆ, ಕೂತ ಜಾಗದಲ್ಲಿ, ಅಂಗೈ ಅಗಲ ಕೆಂಪು.

ಹೆಂಗಸರ ಕಡೆ ಒಂದು ಉಸಿರು ಕೇಳಿಸಿತು. ಆಮೇಲೆ ಗುಸುಗುಸು. ಗಂಡಿನ ಕಡೆಯ ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕದವಳಿಗೆ ಹೇಳಿದ್ದು ಅರ್ಧ ಚಪ್ಪರಕ್ಕೆ ಕೇಳಿಸಿತು: "ಅಯ್ಯೋ, ಹುಡುಗಿ ಹೊರಗಾಗಿದಾಳೆ ಕಣೇ! ಮಂಟಪದಲ್ಲೇ!"

ಹೊರಗಾಗುವುದು ಅಂದರೆ ಆ ಕಾಲದಲ್ಲಿ ಏನು ಅಂತ ನಿಮಗೆ ಹೇಳಬೇಕಿಲ್ಲ. ಅದು ನಿಜವಾದರೆ ತಾಳಿ ಕಟ್ಟುವ ಹಾಗಿಲ್ಲ, ಮುಹೂರ್ತ ಹೋಯಿತು, ಸಂಬಂಧವೂ ಹೋದರೆ ಹೋಯಿತು. ಪುರೋಹಿತರು ಕೈಯಲ್ಲಿದ್ದ ಅಕ್ಷತೆಯನ್ನು ತಟ್ಟೆಗೆ ಹಾಕಿದರು. ಹುಡುಗಿಗೆ ಏನಾಯಿತು ಅಂತ ಮೊದಲು ಗೊತ್ತಾಗಲಿಲ್ಲ. ಎಲ್ಲರೂ ತನ್ನ ಹಿಂದುಗಡೆ ನೋಡುತ್ತಿದ್ದುದನ್ನು ಕಂಡು ಕೈ ಹಿಂದಕ್ಕೆ ಹಾಕಿ ಮುಟ್ಟಿಕೊಂಡಳು. ಬೆರಳು ನೋಡಿಕೊಂಡಳು. ಆ ಮುಖವನ್ನು ನಾನು ಮರೆಯಲಾರೆ.

ನನ್ನ ಕಾಲು ತಾನಾಗಿ ಓಡಿತು. ಪಾನಕದ ಬಕೆಟ್ಟು ಕೈಯಲ್ಲೇ ಇತ್ತು. "ಅದು ಬಣ್ಣ ಐತ್ರೀ! ನನ್ನ ಬಣ್ಣ! ನಾ ಹಚ್ಚಿದ್ದು, ಮಣಿಗೆ ನಾ ಹಚ್ಚಿದ್ದು!" ಅಂತ ಕೂಗಿದೆ. ಓಲಗದವರೂ ನಿಲ್ಲಿಸಿಬಿಟ್ಟರು.

ಗಂಡಿನ ಸೋದರಮಾವ, ಕೋಟು ಹಾಕಿಕೊಂಡಿದ್ದವರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ್ರೀ ಇವ್ರು?"

ಯಾರೋ ಅಂದರು, "ಬಾಡಿಗೆಯೋರು."

ಅಷ್ಟೇ. ಸುಳ್ಳೇನೂ ಅಲ್ಲ. ಆದರೆ ಪಾನಕ ಅಂಗಿಯ ಮೇಲೆ ಚೆಲ್ಲಿಕೊಂಡು, ಅಷ್ಟು ಜನರ ನಡುವೆ ನಿಂತು ಆ ಒಂದು ಮಾತು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೋದರಮಾವ ಬಿಡಲಿಲ್ಲ. "ಹೆಣ್ಣಿನ ಕಡೆಯೋರು ಮುಚ್ಚಾಕೋಕೆ ಏನ್ ಬೇಕಾದ್ರೂ ಹೇಳ್ತೀರ. ಬಣ್ಣ ಅಂತ ನಾವು ನಂಬ್ಬೇಕಾ?"

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಮಂಟಪಕ್ಕೆ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಮದುಮಗನಿಗೆ ಹೇಳಿದರು, "ನೀನ್ ಒಸಿ ಎದ್ದೇಳು ನನ್ನಪ್ಪ."

ಅವನು ಎದ್ದ. ಎದ್ದದ್ದು ಅಂದರೆ, ಪಂಚೆ ಪರ್ ಅಂತ ಸದ್ದು ಮಾಡಿ ಮಣೆಯನ್ನು ಬಿಟ್ಟಿತು. ಬಿಳೀ ರೇಷ್ಮೆ ಪಂಚೆಯ ಹಿಂದೆ ಅವಳದಕ್ಕಿಂತ ದೊಡ್ಡ ಕೆಂಪು.

ಮದುಮಗನ ಗೆಳೆಯನೊಬ್ಬ ಹಿಂದಿನಿಂದ ಕೂಗಿದ, "ಮಗಾ, ನೀನೂ ಹೊರಗಾದ್ಯಲ್ಲೋ!"

ಇಡೀ ಚಪ್ಪರ ನಕ್ಕಿತು. ಕೋಟಿನ ಮಾವ ಕೂಡ ಕೆಮ್ಮುವವರ ಹಾಗೆ ಮಾಡಿ ನಕ್ಕರು. ಹುಡುಗಿಯ ಸೊಂಟಕ್ಕೆ ಒಂದು ಶಾಲು ಸುತ್ತಿದರು, ಮಣೆಯ ಮೇಲೆ ಜಮಖಾನ ಹಾಸಿದರು, ತಾಳಿ ಕಟ್ಟಿದ್ದಾಯಿತು. ನಗದೇ ಇದ್ದದ್ದು ಅವಳೊಬ್ಬಳೇ. ತಲೆ ಎತ್ತಲೇ ಇಲ್ಲ. ನಾನು ಊಟಕ್ಕೆ ಕೂರಲಿಲ್ಲ. ಹಿತ್ತಲ ಬಾವಿಕಟ್ಟೆಯ ಹತ್ತಿರ ಹೋಗಿ ಕುಳಿತೆ. ಅಲ್ಲಿ ನನ್ನ ಬ್ರಷ್ಷು ದಾರ ಸುತ್ತಿಕೊಂಡು ಅಚ್ಚುಕಟ್ಟಾಗಿ ನೇತಾಡುತ್ತಿತ್ತು.

ಸಂಜೆ ಯಜಮಾನರ ಮುಂದೆ ಹೋಗಿ ಕೈ ಮುಗಿದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಆಯ್ತು ಬುಡಿ, ಏನ್ ಬೇಕಂತ ಮಾಡಿದ್ರಾ?" ಅಂದು ಎದ್ದು ಒಳಗೆ ಹೋದರು. ಮನೆ ಬದಲಾಯಿಸೋಣ ಅಂತ ಹೆಬ್ಬಾಳದ ಕಡೆ ಎರಡು ಮೂರು ಮನೆ ನೋಡಿ ಬಂದೆ. ಬೆಳಿಗ್ಗೆ ಅವರ ಬಾಗಿಲು ತೆರೆಯುವ ಮೊದಲೇ ಸೈಕಲ್ ಹತ್ತಿ ಡ್ಯೂಟಿಗೆ ಹೋಗುತ್ತಿದ್ದೆ. ಬಣ್ಣದ ಸಾಮಾನುಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ತಳ್ಳಿದ್ದೆ.

ಒಂದು ಭಾನುವಾರ ಅಜ್ಜಿ ಮಣೆಯನ್ನು ಆಳಿನ ಕೈಲಿ ಹೊರಿಸಿಕೊಂಡು ನಮ್ಮ ಬಾಗಿಲಿಗೇ ಬಂದರು. "ತಗಾ. ನೀನೇ ಬಳದಿದ್ದು, ನೀನೇ ತೆಗಿ."

"ಕಬ್ಬಿಣ ತಾಗಿಸದಂಗ ಹೆಂಗ ತೆಗೀಲಿ ಅಜ್ಜಿ?" ಅಂದೆ.

"ಅದು ನಿನ್ ಕಷ್ಟ. ಕೆಂಪು ಬಳೀವಾಗ ಎಂಗ್ ಬಳೀಲಿ ಅಂತ ನನ್ನ ಕೇಳಿದ್ಯಾ?"

ಅವರು ಹೋದ ಮೇಲೆ ಬಹಳ ಹೊತ್ತು ಮಣೆ ನೋಡುತ್ತ ಕುಳಿತೆ. ಒಡೆದ ಲಾಟೀನಿನ ಗಾಜು ಮೂಲೆಯಲ್ಲಿ ಬಿದ್ದಿತ್ತು. ಒಂದು ಚೂರಿನ ಅಂಚಿನಿಂದ ಕೆರೆದು ನೋಡಿದೆ. ಬಣ್ಣ ಹಲ್ವದ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಮೇಲೆ ಮಾತ್ರ ಚರ್ಮ ಕಟ್ಟಿತ್ತು, ಒಳಗೆ ಹಸಿಹಸಿ. ಎಣ್ಣೆಯ ಮೇಲೆ ಬಣ್ಣ ಯಾವತ್ತೂ ಒಣಗುವುದಿಲ್ಲ. ಆ ಕಾವು, ಆ ಭಾರ ಬಿದ್ದದ್ದೇ ಚರ್ಮ ಹರಿದು ಹೊರಬಂದಿತ್ತು. ಕೆರೆದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದೆ. ಕೆಲಸ ಮುಗಿದಾಗ ಮರ ಜೇನಿನ ಬಣ್ಣಕ್ಕೆ ಬಂದಿತ್ತು. ಅಕ್ಕಪಕ್ಕ ಎರಡು ಕಡೆ ಮರ ಸವೆದು ಸ್ವಲ್ಪ ತಗ್ಗಾಗಿದ್ದುದು ಆಗ ಕಂಡಿತು. ಎಷ್ಟು ಜೋಡಿ ಕೂತಿದ್ದವೋ. ಮತ್ತೆ ಹರಳೆಣ್ಣೆ ಸವರಿ ಕೊಟ್ಟೆ. ಅಂದಿನಿಂದ ನನ್ನ ಸಾಮಾನುಗಳಲ್ಲಿ ಗಾಜಿನ ಚೂರಿಗೆ ಮೊದಲ ಜಾಗ. ಬಟ್ಟೆ ಸುತ್ತಿ ಹಿಡಿದುಕೊಳ್ಳಿ, ಕೈ ಕೊಯ್ದೀತು.

ಮೊದಲ ಗೌರಿ ಹಬ್ಬಕ್ಕೆ ಯಜಮಾನರ ಆ ದೊಡ್ಡ ಮಗಳು ತವರಿಗೆ ಬಂದಳು. ನಾನು ಒಳಗೇ ಕುಳಿತಿದ್ದೆ. ಅವಳೇ ಬಂದಳು, ಕೈಯಲ್ಲಿ ಆ ಸೀರೆ. "ಅಣ್ಣ, ಎಲ್ಲಾ ಹಾಕ್ ನೋಡಿದ್ವಿ, ಹೋಗ್ಲಿಲ್ಲ. ನಿಮ್ ಹತ್ರ ಏನಾದ್ರೂ ಇದ್ಯಾ?" ಮಂಚದ ಕೆಳಗಿನ ಗೋಣಿಚೀಲ ಬಿಚ್ಚಿ ಟರ್ಪೆಂಟೈನ್ ತೆಗೆದೆ. ಬನಿಯನ್ ತುಂಡಿನಿಂದ ಮೆಲ್ಲಗೆ ಒತ್ತಿದೆ. ಕೆಂಪು ಹೋಗಲಿಲ್ಲ. ಕರಗಿ ಸುತ್ತಲೂ ಹರಡಿ ಇನ್ನಷ್ಟು ಅಗಲವಾಯಿತು. ನನಗೆ ಅಳು ಬಂತು. ಅವಳು ಸೀರೆ ಕಿತ್ತುಕೊಂಡು, "ಸಾಕ್ ಬಿಡಿ ಅಣ್ಣ, ನಿಮ್ಗೆ ಬಿಟ್ರೆ ಪೂರ್ತಿ ಸೀರೆ ಕೆಂಪು ಮಾಡ್ತೀರ" ಅಂದಳು. ಆ ಮದುವೆಯ ಬಗ್ಗೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ. ನಾನು ನಗಲಿಲ್ಲ. ಮನೆ ಬದಲಾಯಿಸುವ ಮಾತನ್ನೂ ಮತ್ತೆ ಎತ್ತಲಿಲ್ಲ.

ಎಂಬತ್ತರ ದಶಕದಲ್ಲಿ ಯಜಮಾನರ ಎರಡನೇ ಮಗಳ ಮದುವೆ ಬಂತು. ಗಂಡು ರಾಜಾನುಕುಂಟೆಯ ಕಡೆಯವನು. ಅದೇ ಚಪ್ಪರ, ಅದೇ ಮಣೆ. ನಾನು ಕೊನೆಯ ಕಂಬದ ಹಿಂದೆ ನಿಂತಿದ್ದೆ. ಹೆಣ್ಣು ಗಂಡು ಕೂರುವ ಮೊದಲು ಬೀದಿಯ ಒಬ್ಬ ಮುತ್ತೈದೆ ಬಂದು ಮಣೆಯ ಮೇಲೆ ಅಂಗೈ ಒತ್ತಿ, ಕೈಗೆ ಬಣ್ಣ ಅಂಟುತ್ತದೆಯೇ ಅಂತ ನೋಡಲು ಹೋದಳು. ಈ ನಡುವೆ ಆ ಬೀದಿಯ ಎಲ್ಲ ಮದುವೆಯಲ್ಲೂ ಹೀಗೆ ನಡೆಯುತ್ತಿತ್ತಂತೆ. ನಾನು ನಾಚಿಕೆಗೆ ಯಾವ ಮದುವೆಗೂ ಹೋಗುತ್ತಿರಲಿಲ್ಲವಾದ್ದರಿಂದ ಗೊತ್ತಿರಲಿಲ್ಲ.

ಗಂಡಿನ ತಾತ ಕೇಳಿದರು, "ಇದೇನ್ ಶಾಸ್ತ್ರ? ನಮ್ ಕಡೆ ಇಲ್ವಲ್ಲ."

ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ. "ನಮ್ ಬೀದೀಲಿ ಐತೆ. ತಲತಲಾಂತ್ರದ್ದು" ಅಂದರು. ಆಮೇಲೆ ಮುತ್ತೈದೆಯ ಕೈ ತಡೆದು ಕೂಗಿದರು, "ಎಲ್ಲವ್ನೆ ಅವ್ನು? ನಮ್ಮನೆ ಬಣ್ಣದೋನು? ಬಾಪ್ಪಾ ಇಲ್ಲಿ. ನಿನ್ ಶಾಸ್ತ್ರ ನೀನೇ ಮಾಡು."

ಗೊತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಕಂಬದಿಂದ ಮಂಟಪದವರೆಗೆ ತಲೆ ತಗ್ಗಿಸಿಕೊಂಡೇ ನಡೆದೆ. ಮಣೆಯ ಮೇಲೆ ಅಂಗೈ ಇಟ್ಟು ಒತ್ತಿದೆ, ಬಹಳ ಹೊತ್ತು ಒತ್ತಿದೆ. ಎತ್ತಿ ಎಲ್ಲರಿಗೂ ತೋರಿಸಿದೆ. ಎಣ್ಣೆಯ ಹೊಳಪು ಬಿಟ್ಟು ಏನೂ ಇರಲಿಲ್ಲ. "ಆಯ್ತು, ಕೂರ್ಸ್ರಪ್ಪ" ಅಂದರು ಅಜ್ಜಿ. ದೊಡ್ಡ ಮಗಳು ಪಕ್ಕದಲ್ಲೇ ಮಗು ಎತ್ತಿಕೊಂಡು ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವತ್ತೂ ಬರಲಿಲ್ಲ. ಕೈ ಒರೆಸಿಕೊಂಡು ಪಾನಕದ ಬಕೆಟ್ಟು ಎಲ್ಲಿದೆ ಅಂತ ಹುಡುಕಿಕೊಂಡು ಹೋದೆ.

ನಿಮ್ಮ ಮನೆಯಲ್ಲೂ ಯಾರಾದರೂ ಒಳ್ಳೆಯದು ಮಾಡಲು ಹೋಗಿ ಮರಕ್ಕೋ ಬಣ್ಣಕ್ಕೋ ಹೀಗೆ ಸಿಕ್ಕಿಬಿದ್ದದ್ದು ಉಂಟಾ? ಇದ್ದರೆ ಕೆಳಗೆ ಬರೆಯಿರಿ. ನಾನು ನಿಧಾನವಾಗಿ ಓದುತ್ತೇನೆ, ಆದರೆ ಎಲ್ಲವನ್ನೂ ಓದುತ್ತೇನೆ. ರೇಷ್ಮೆಯಿಂದ ಎನಾಮಲ್ ತೆಗೆಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಅದನ್ನು ಮೊದಲು ತಿಳಿಸಿ. ಆ ಸೀರೆ ಇನ್ನೂ ಅವಳ ಪೆಟ್ಟಿಗೆಯಲ್ಲಿದೆಯಂತೆ.