ಅಕ್ಕನಿಗಾಗಿ ಹಾಕಿಸಿದ ಗಂಟೆ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗವಿದ್ದದ್ದು ಪಡಸಾಲೆಯಲ್ಲಿ. ನಾನು ನೇಯಲು ಕುಳಿತೆನೆಂದರೆ ಆ ಸದ್ದಿನಲ್ಲಿ ಸಿಡಿಲು ಬಡಿದರೂ ಕೇಳುತ್ತಿರಲಿಲ್ಲ. ಹಾಗಂತ ಬಾಗಿಲು ತೆರೆದಿಡುವ ಹಾಗೂ ಇರಲಿಲ್ಲ. ಒಮ್ಮೆ ಓಣಿಯ ಆಡೊಂದು ಒಳಗೆ ನುಗ್ಗಿ ಮಗ್ಗಕ್ಕೆ ಉದ್ದಕ್ಕೆ ಹೂಡಿದ್ದ ಹಾಸಿನ ನೂಲು ಜಗಿದು ಹೋದಾಗಿನಿಂದ ಅಗಳಿ ಹಾಕಿಕೊಂಡೇ ಕೂರುತ್ತಿದ್ದೆ.

ನಾಗರ ಪಂಚಮಿ ಬಂತೆಂದರೆ ಮದುವೆಯಾದ ಹೆಣ್ಣುಮಗಳನ್ನು ಅಣ್ಣನೋ ತಮ್ಮನೋ ಖುದ್ದು ಹೋಗಿ ತವರಿಗೆ ಕರೆತರಬೇಕು. ನಮ್ಮ ಕಡೆ ಅದಿಲ್ಲದೆ ಹಬ್ಬವೇ ಇಲ್ಲ. ನನ್ನ ಅಕ್ಕ ಇದ್ದದ್ದು ಮುಂಡರಗಿಯಲ್ಲಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೇ ಅವಳು. ಆ ವರ್ಷ ಮದುವೆಯ ಸೀರೆಯೊಂದು ಮಗ್ಗದ ಮೇಲಿತ್ತು. ಮುಂಡರಗಿಗೆ ಹೊರಟಿದ್ದ ನೂಲಿನ ವ್ಯಾಪಾರಿಗೆ, "ನಮ್ಮಕ್ಕಗ ಹಬ್ಬಕ್ಕ ಬಾ ಅಂತ ಹೇಳಿಬಿಡ್ರಿ, ನನಗ ಪುರಸೊತ್ತಿಲ್ಲ" ಅಂದುಬಿಟ್ಟೆ. ಹೆಂಡತಿ ಲಕ್ಷ್ಮೇಶ್ವರಕ್ಕೆ, ತನ್ನ ತವರಿಗೆ ಹೋಗಿದ್ದಳು.

ಹಬ್ಬದ ಹಿಂದಿನ ದಿನ ಸಂಜೆ ಮಗ್ಗ ನಿಲ್ಲಿಸಿ ಬಾಗಿಲು ತೆಗೆದರೆ, ಎದುರುಮನೆಯ ಬಳೆ ಮಾರುವ ಮುಸಲ್ಮಾನರ ಅಜ್ಜಿ ಕಟ್ಟೆಯ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನಿಮ್ಮಕ್ಕ ಬಂದಿದ್ಳಲ್ಲೋ. ನಾ ಪ್ಯಾಟಿಯಿಂದ ಬರೂದ್ರಾಗ ಹೊಂಟಿದ್ಳು. ಬಾಗಲಾ ಬಡದು ಬಡದು ಕೈ ಸೋತು ಅಂದ್ಳು. ನಮ್ಮನ್ಯಾಗರ ಕುಂಡ್ರವಾ ಅಂದ್ರ ಒಲ್ಲೆ ಅಂದ್ಳು. ಕಣ್ಣಾಗ ನೀರಿತ್ತಲೇ!"

ಆಗಲೇ ಹೋಗಿ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಸೀರೆ ಮುಗಿಯಲಿ ಅಂದುಕೊಂಡೆ. ಸೀರೆ ಮುಗಿದ ಮೇಲೆ ಯಾವ ಮುಖ ಹೊತ್ತು ಹೋಗಲಿ ಅನ್ನಿಸಿತು. ಕಡೆಗೆ ತಪ್ಪನ್ನೆಲ್ಲ ಬಾಗಿಲಿನ ಮೇಲೆ ಹೊರಿಸಿ ಹಗುರಾದೆ. ತವರಿನಿಂದ ಬಂದು, "ಮದ್ಲ ಹೋಗಿ ಕರ್ಕೊಂಡ ಬರ್ರಿ" ಎಂದ ಹೆಂಡತಿಯ ಮೇಲೆಯೇ ಹರಿಹಾಯ್ದೆ. "ಗಂಟಿ ಹಾಕಸ್ತೀನಿ. ಇನ್ನೊಮ್ಮೆ ಹಿಂಗ ಆಗೂದಿಲ್ಲ, ಆತಿಲ್ಲೋ?"

ಗದಗಿನ ಅಂಗಡಿಯಲ್ಲಿ ಅರ್ಧ ದಿನ ಕಳೆದೆ. ಒಂದು ಗಂಟೆ ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತಿತ್ತು. ಮಗ್ಗದ ಮುಂದೆ ಅದರ ಆಟ ನಡೆಯುವುದಿಲ್ಲ. ಕರೆಂಟಿನದು ಜೋರಾಗಿತ್ತು, ಆದರೆ ನಮ್ಮ ಓಣಿಯ ಕರೆಂಟನ್ನು ನಂಬುವವರು ಯಾರು? ಅಂಗಡಿಯವನು ಸೆಲ್ಲಿನದು ತೋರಿಸಿದ. ಅದಕ್ಕೂ ವೈರು. ನಮ್ಮದು ಮಣ್ಣಿನ ಗೋಡೆ, ಮೊಳೆ ಹೊಡೆದರೆ ಉದುರುತ್ತದೆ.

"ವೈರ್ ಇಲ್ಲದ್ದು ಇಲ್ಲೇನ್ರಿ?"

"ಐತಲ್ರಿ, ಗುಡ್ಯಾಗ ತೂಗಬಿಟ್ಟಾರ. ಬಿಚ್ಚಿಕೊಂಡ ಹೋಗ್ರಿ" ಎಂದ ಅಂಗಡಿಯವನು.

ಅಲ್ಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಸೆಲ್ಲಿನದನ್ನೇ ತಂದೆ. ವೈರನ್ನು ಬಾಗಿಲಿನ ಚೌಕಟ್ಟಿಗೆ ಬಡಿದೆ. ಹೆಂಡತಿ ಹೊರಗಿನಿಂದ ಗುಂಡಿ ಒತ್ತಿದಳು, ನಾನು ಮಗ್ಗದಲ್ಲಿ ಕೂತು ಕೇಳಿದೆ. ಕೇಳಿತು! ಅವತ್ತು ಪಟ್ಟ ಜಂಬ ನೆನೆದರೆ ಈಗ ನಾಚಿಕೆಯಾಗುತ್ತದೆ.

ಅದೇ ವ್ಯಾಪಾರಿಯ ಕೈಯಲ್ಲಿ ಖಬರು ಕಳಿಸಿದೆ. ಗಂಟೆ ಹಾಕಿಸಿದ್ದೇನೆ, ಇನ್ನು ಬಾ ಅಂತ. ತಿರುಗಿ ಬಂದವನನ್ನು ಕೇಳಿದೆ, "ಏನಂದ್ಳು?"

"ಚಲೋ ಆತು ಅಂದ್ರು. ನನಗ ಚಾ ಕೊಟ್ರು."

"ಮತ್ತ?"

"ಮತ್ತೇನಿಲ್ರಿ."

ಅಂದಿನಿಂದ ಆ ಗಂಟೆ ನನ್ನ ಜೀವ ತಿಂದಿತು. ಬಾರಿಸಿದಾಗೆಲ್ಲ ಲಾಳಿ ಬಿಟ್ಟು ಎದ್ದು ಓಡುತ್ತಿದ್ದೆ. ಒಮ್ಮೆ ಹಾಲಿನವಳು, ಒಮ್ಮೆ ಟಪಾಲಿನವನು. ಮಾತಾಡಿಸದೆಯೇ ಬಾಗಿಲು ಹಾಕಿಕೊಂಡದ್ದೂ ಉಂಟು. ದೀಪಾವಳಿ ಹೋಯಿತು, ಯುಗಾದಿ ಹೋಯಿತು, ಅಕ್ಕ ಬರಲಿಲ್ಲ. ನನ್ನಂಥ ತಮ್ಮ ಯಾರಿಗೂ ಬೇಡ ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಹೋಗುವ ಧೈರ್ಯ ಮಾತ್ರ ಬರಲಿಲ್ಲ.

ಮತ್ತೆ ಪಂಚಮಿ ಬಂದಾಗ ಅರ್ಧ ನೇಯ್ದ ಸೀರೆಯನ್ನು ಹಾಗೆಯೇ ಬಿಟ್ಟು ಮುಂಡರಗಿಯ ಬಸ್ಸು ಹತ್ತಿದೆ. ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ನಿಂತೆ. ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಿದಳು.

"ತಪ್ಪಾತಕ್ಕ. ಕರ್ಕೊಂಡ ಹೋಗಾಕ ಬಂದೀನಿ."

ಅವಳು ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಕಟ್ಟಿಟ್ಟ ಗಂಟು.

"ಹ್ವಾದ ವರ್ಷಾನೂ ಹಿಂಗ ಕಟ್ಟಿಟ್ಟಿದ್ನೋ. ನೀ ಬರ್ತಿ ಅಂತ ಬಾಗಲದಾಗ ಕುಂತಿದ್ದೆ. ಬಂದವ ಆ ವ್ಯಾಪಾರಿ."

ಬೆಟಗೇರಿಯ ಮನೆಗೆ ಬೀಗ ಹಾಕಿತ್ತು, ಹೆಂಡತಿ ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ನಾನು ಕಿಸೆಯಿಂದ ಕೀಲಿ ತೆಗೆದೆ.

"ತಡಿ" ಎಂದಳು ಅಕ್ಕ. ಗಂಟು ಕೆಳಗಿಟ್ಟು, ಚೌಕಟ್ಟಿನ ಮೇಲಿನ ಗುಂಡಿಯನ್ನು ಬೆರಳಿನಿಂದ ಬಲವಾಗಿ ಒತ್ತಿ ಹಿಡಿದಳು. ಯಾರೂ ಇಲ್ಲದ ಮನೆಯೊಳಗೆ ಗಂಟೆ ಬಾರಿಸಿತು. ಅವಳು ಬೆರಳು ತೆಗೆಯಲಿಲ್ಲ. ನನ್ನ ಮುಖ ನೋಡುತ್ತ ನಿಂತಳು.

"ಕೇಳಸ್ತೇನಲೇ?"

"ಕೇಳಸ್ತಕ್ಕ."

"ಹಂಗಾರ ಬಾಗಲಾ ತಗಿ" ಎಂದಳು. ನಾನು ಮೊದಲು ಅವಳ ಗಂಟು ಎತ್ತಿಕೊಳ್ಳಲು ಬಾಗಿದೆ. ಕೀಲಿಯನ್ನು ಅವಳೇ ಕಸಿದುಕೊಂಡು ಬಾಗಿಲು ತೆಗೆದಳು.